ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕಾನೂನು ಪುಸ್ತಕ



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಮೇಷ್ಟ್ರೇ, ಊರೊಳಗೆ ದೊಡ್ಡವರ ಮನೇಲಿ ಲೈಸೆನ್ಸಿನ ಕೋವಿ ಇದೆ. ನಾಳೆ ಗಲಾಟೆ ಆದ್ರೆ ನಮ್ಮ ಕೇರೀಲಿ ಏನಿದೆ?" ಮೊದಲನೆಯ ಶೀಲವನ್ನು ಆಗಷ್ಟೇ ಹೇಳಿ ಕೂತಿದ್ದೆವು. ಅದನ್ನೇ ತೋರಿಸಿ ಅವನ ಬಾಯಿ ಮುಚ್ಚಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವರಿದ್ದಾರೆ. 1966ರಲ್ಲಿ ಅಮೆರಿಕದ ಓಕ್‌ಲ್ಯಾಂಡ್ ನಗರದಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಎಂಬ ಕಪ್ಪು ತರುಣರು ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದರು. 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ಸ್ ಹೆಸರು ತೆಗೆದುಕೊಂಡದ್ದು ಇವರಿಂದಲೇ. ಕ್ಯಾಲಿಫೋರ್ನಿಯಾದಲ್ಲಿ ಆಗ ಗುಂಡು ತುಂಬಿದ ಬಂದೂಕನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಓಡಾಡುವುದು ಅಪರಾಧವಾಗಿರಲಿಲ್ಲ. ಪೊಲೀಸರು ಯಾರನ್ನಾದರೂ ತಡೆದು ನಿಲ್ಲಿಸಿದರೆ ಇವರು ಬಂದೂಕು, ಕಾನೂನು ಪುಸ್ತಕ ಎರಡನ್ನೂ ಹಿಡಿದು ಸ್ವಲ್ಪ ದೂರದಲ್ಲಿ ನಿಂತು ಅವನ ಹಕ್ಕುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಇದನ್ನು ನಿಲ್ಲಿಸಲು ಡಾನ್ ಮಲ್ಫೋರ್ಡ್ ಎಂಬ ಶಾಸಕರು ಮಸೂದೆ ತಂದರು. ಅದನ್ನು ವಿರೋಧಿಸಿ 1967ರ ಮೇ 2ರಂದು ಪ್ಯಾಂಥರ್‌ಗಳು ಬಂದೂಕು ಹಿಡಿದೇ ಶಾಸನಸಭೆಯ ಕಟ್ಟಡಕ್ಕೆ ಹೋದರು. ಜುಲೈನಲ್ಲಿ ರಾಜ್ಯಪಾಲ ರೊನಾಲ್ಡ್ ರೇಗನ್ ಸಹಿ ಹಾಕಿದರು. ಅಲ್ಲಿಯವರೆಗೆ ಹಕ್ಕಾಗಿದ್ದದ್ದು ಕಪ್ಪು ಕೈಗೆ ಬಂದೊಡನೆ ಸಾರ್ವಜನಿಕ ಶಾಂತಿಗೆ ಅಪಾಯವಾಯಿತು!

ಬಂದೂಕು ಅವರನ್ನು ಕಾಯಿತೇ? 1969ರ ಡಿಸೆಂಬರ್ 4ರ ನಸುಕಿನಲ್ಲಿ ಶಿಕಾಗೋ ಪೊಲೀಸರು ಅವರ ನಾಯಕ ಫ್ರೆಡ್ ಹ್ಯಾಂಪ್ಟನ್ ಇದ್ದ ಮನೆಗೆ ನುಗ್ಗಿ ಅವರನ್ನು ಕೊಂದರು. ವಯಸ್ಸು 21. ಮನೆಯಲ್ಲಿ ಬಂದೂಕುಗಳಿದ್ದವು. ಪೊಲೀಸರು ಹಾರಿಸಿದ ಗುಂಡು 80ಕ್ಕೂ ಹೆಚ್ಚು, ಒಳಗಿನಿಂದ ಬಂದದ್ದು ಹೆಚ್ಚೆಂದರೆ ಒಂದು ಎಂದು ಆಮೇಲಿನ ತನಿಖೆ ಹೇಳಿತು. ಅದೇ ವರ್ಷ ಪಕ್ಷ ಮಕ್ಕಳಿಗೆ ಬೆಳಗಿನ ತಿಂಡಿ ಕೊಡಲು ಶುರು ಮಾಡಿತ್ತು. ಎಫ್‌ಬಿಐ ಮುಖ್ಯಸ್ಥ ಹೂವರ್ ಅವರಿಗೆ ಆ ತಿಂಡಿಯೂ ಅಪಾಯವಾಗಿ ಕಂಡಿತ್ತು. ದಿನಾ ಬಿಸಿಯೂಟದ ಸಾಲು ನೋಡುವ ನನಗೆ ಇದು ಮರೆಯುವುದಿಲ್ಲ.

ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಒಬ್ಬ ರಾಜ ಪ್ರಜೆಗಳಿಗೆ ರಕ್ಷಣೆ ಕೊಡುತ್ತಾನೆ, ಆದರೆ ಬಡವರಿಗೆ ಧನ ಕೊಡುವುದಿಲ್ಲ. ಬಡತನ ಹೆಚ್ಚಿ ಕಳ್ಳತನ ಹುಟ್ಟುತ್ತದೆ. ಕೊನೆಗೆ ರಾಜ ಕಳ್ಳನ ತಲೆ ಕಡಿಸುತ್ತಾನೆ. ಅದನ್ನು ಕಂಡೇ ಜನ ತಾವೂ ಹರಿತವಾದ ಆಯುಧ ಮಾಡಿಸಿಕೊಳ್ಳುತ್ತಾರೆ. ಆಯುಧ ಯಾರ ಕೈಯಲ್ಲಿ ಮೊದಲು ಎದ್ದಿತು, ಗಮನಿಸಿ. ಜನರ ಕೈಯನ್ನಷ್ಟೇ ನೋಡಿ ಶಾಂತಿಯ ಮಾತಾಡುವವರು ಈ ಸುತ್ತವನ್ನು ಅರ್ಧ ಓದಿದವರು.

ಬಾಬಾಸಾಹೇಬರು ಅಹಿಂಸೆಯನ್ನು ಕುರುಡು ಕಟ್ಟಳೆಯಾಗಿ ಅಲ್ಲ, ತತ್ವವಾಗಿ ನೋಡಿದರು. ಕೊಲ್ಲುವ ಇಚ್ಛೆ ಬೇರೆ, ಅನಿವಾರ್ಯತೆ ಬೇರೆ ಎಂದರು. ಹಾಗಾಗಿ ಹುಡುಗನ ಭಯವನ್ನು ನಾನು ತಪ್ಪೆನ್ನಲಾರೆ. ಆದರೆ ಕೋವಿಗೆ ಕೋವಿ ಎಂದು ಹೊರಟರೆ ಎಣಿಕೆಯಲ್ಲಿ ಯಾರು ಸೋಲುತ್ತಾರೆ ಎಂಬುದೂ ನನಗೆ ಗೊತ್ತು.

ನಮ್ಮ ಕೈಯಲ್ಲೂ ಒಂದು ಕಾನೂನು ಪುಸ್ತಕ ಇದೆ. 1995ರ ದೌರ್ಜನ್ಯ ತಡೆ ನಿಯಮಗಳ 3ನೇ ನಿಯಮ ಓದಿ. ದೌರ್ಜನ್ಯ ನಡೆಯುವ ಪ್ರದೇಶ ಎಂದು ಗುರುತಿಸಿದ ಕಡೆ ಪರಿಶಿಷ್ಟರಲ್ಲದವರ ಬಂದೂಕು ಲೈಸೆನ್ಸ್ ರದ್ದು ಮಾಡುವುದು, ಅಕ್ರಮ ಬಂದೂಕು ವಶಪಡಿಸಿಕೊಳ್ಳುವುದು, ಅಗತ್ಯ ಕಂಡರೆ ಪರಿಶಿಷ್ಟರಿಗೇ ಲೈಸೆನ್ಸ್ ಕೊಡುವುದು, ಎಲ್ಲವೂ ಅಲ್ಲಿದೆ. ಮೊದಲು ಅವರ ಕೋವಿ ಇಳಿಸಿ ಎನ್ನುತ್ತದೆ ಆ ಕ್ರಮ, ನನಗೆ ಹಿಡಿಸಿದ್ದು ಅದು. ನಿಯಮ ಬಂದು ಎರಡು ವರ್ಷಕ್ಕೆ, 1997ರ ಡಿಸೆಂಬರ್ 1ರ ರಾತ್ರಿ, ಬಿಹಾರದ ಲಕ್ಷ್ಮಣ್‌ಪುರ ಬಾಥೆಯಲ್ಲಿ ರಣವೀರ ಸೇನೆ 58 ದಲಿತರನ್ನು ಕೊಂದಿತು. ಪುಸ್ತಕದಲ್ಲಿದ್ದರೆ ಸಾಲದು, ಕೇಳುವವರು ಬೇಕು.

17ನೇ ನಿಯಮದಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟು ಸಲ ಸೇರಿದೆ, 3ನೇ ನಿಯಮದಡಿ ಏನು ಮಾಡಿದೆ ಎಂದು ಕೇಳುವ ಮಾಹಿತಿ ಹಕ್ಕು ಅರ್ಜಿಯನ್ನು ಈ ಭಾನುವಾರ ಧ್ಯಾನದ ನಂತರ ಕೂತು ಬರೆಯೋಣ. ಆ ಹುಡುಗನ ಅಕ್ಷರ ಚೆನ್ನಾಗಿದೆ, ಅವನೇ ಬರೆಯಲಿ.

ಜೈ ಭೀಮ್.