ಕಲ್ಲು ಕಟ್ಟಿದ ಮಗ್ಗ

ನಾರ್ವೆಯ ಪುರಾತತ್ವ ಸಂಗ್ರಹಾಲಯಗಳಲ್ಲಿ ವೈಕಿಂಗರ ಕತ್ತಿ, ಕೊಡಲಿಗಳಿಂದ ತುಸು ದೂರದಲ್ಲಿ, ಬೆಳಕು ಕಡಿಮೆಯಿರುವ ಗಾಜಿನ ಪೆಟ್ಟಿಗೆಯೊಂದರಲ್ಲಿ ತೂತು ಕೊರೆದ ಒಂದಿಷ್ಟು ಕಲ್ಲುಗಳಿರುತ್ತವೆ. ಅಂಗೈಯೊಳಗೆ ಕೂರುವ ಗಾತ್ರ. ಹೆಚ್ಚಿನವು ಬಳಪದ ಕಲ್ಲು, ಬೇಲೂರು ಹಳೇಬೀಡಿನ ಶಿಲ್ಪಿಗಳು ಉಳಿಗೆ ಒಗ್ಗಿಸಿಕೊಂಡ ಅದೇ ಜಾತಿಯ ಮೆತ್ತನೆ ಕಲ್ಲು. ಬಂದವರು ಕತ್ತಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಾನು ಈಗ ಆ ಕಲ್ಲುಗಳ ಮುಂದೆ ನಿಲ್ಲುತ್ತೇನೆ. ಒಂದೊಂದರ ದಪ್ಪ ನೋಡುತ್ತೇನೆ, ತೂಕ ಅಂದಾಜು ಮಾಡುತ್ತೇನೆ. ಇದಕ್ಕೆ ಎಷ್ಟು ಎಳೆ ಕಟ್ಟಿದ್ದಿರಬಹುದು, ಎಂಥ ಬಟ್ಟೆ ಇಳಿದಿರಬಹುದು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಲು ಶುರುಮಾಡುತ್ತದೆ. ಇದು ಓದಿನಿಂದ ಬಂದದ್ದಲ್ಲ, ಅಂಥದೇ ಮಗ್ಗವೊಂದನ್ನು ಮನೆಯ ಗೋಡೆಗೆ ಒರಗಿಸಿಕೊಂಡು ನೇಯಲು ಕಲಿತ ಮೇಲೆ ಬಂದದ್ದು.

ಕೆಲಸದ ಮೇಲೆ ಬರ್ಗನ್‌ಗೆ ಬಂದು ನೆಲೆಸಿದವಳು ನಾನು. ತೀರ್ಥಹಳ್ಳಿಯ ಕಡೆಯವಳಾದ್ದರಿಂದ ಇಲ್ಲಿನ ಮಳೆ ಹೊಸದೆನಿಸಲಿಲ್ಲ. ಬರ್ಗನ್‌ನ ಪಕ್ಕದಲ್ಲೇ ಓಸ್ಟರೊಯ್ ಎಂಬ ದ್ವೀಪವಿದೆ. ಯುರೋಪಿನ ಬೇರೆಲ್ಲ ಕಡೆ ಮರೆತುಹೋದ ಈ ಮಗ್ಗ ಇಪ್ಪತ್ತನೆಯ ಶತಮಾನದವರೆಗೂ ಜೀವ ಹಿಡಿದುಕೊಂಡಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ಹಿರಿಯ ಹೆಂಗಸೊಬ್ಬರ ಬಳಿ ಕಲಿತೆ.

ಮಗ್ಗದ ರಚನೆ ಹೇಳಲು ಹೆಚ್ಚು ಮಾತು ಬೇಡ. ಎರಡು ಕಂಬಗಳನ್ನು ಗೋಡೆಗೆ ಓರೆಯಾಗಿ ಒರಗಿಸಬೇಕು. ಅವುಗಳ ತಲೆಯ ಮೇಲೆ ತಿರುಗಿಸಲು ಬರುವ ಒಂದು ಅಡ್ಡತೊಲೆ. ತೊಲೆಯಿಂದ ಹಾಸಿನ ಎಳೆಗಳು ಕೆಳಕ್ಕೆ ಇಳಿಬಿದ್ದಿರುತ್ತವೆ, ಅವುಗಳ ತುದಿಗೆ ಕಲ್ಲು. ಗಾಲಿಯಿಲ್ಲ, ಕಾಲಿನಿಂದ ಒತ್ತುವ ಹಲಗೆಯಿಲ್ಲ, ಎಳೆಯನ್ನು ಬಿಗಿಹಿಡಿಯಲು ಕೆಳಗೆ ಇನ್ನೊಂದು ತೊಲೆಯೂ ಇಲ್ಲ. ಬಿಗಿಯೆಲ್ಲ ಕಲ್ಲಿನದು. ನಮ್ಮ ಗುಂಡಿಮಗ್ಗದಲ್ಲಿ ಹಾಸು ನೆಲಕ್ಕೆ ಸಮನಾಗಿ ಚಾಚಿಕೊಂಡಿರುತ್ತದೆ, ನೇಕಾರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಹೊಕ್ಕನ್ನು ತನ್ನ ಕಡೆಗೆ ಬಡಿಯುತ್ತಾನೆ. ಇಲ್ಲಿ ನಿಂತೇ ನೇಯಬೇಕು, ಬಟ್ಟೆ ಮೇಲಿಂದ ಕೆಳಕ್ಕೆ ಬೆಳೆಯುತ್ತದೆ, ಹೊಕ್ಕನ್ನು ಬಡಿಯುವುದು ಆಕಾಶದ ಕಡೆಗೆ.

ಹೊಸ ಶಿಲಾಯುಗದಿಂದಲೂ ಯುರೋಪಿನಲ್ಲಿ ಈ ಮಗ್ಗದ ಗುರುತು ಸಿಗುತ್ತದೆ. ಮರ, ನೂಲು ಮಣ್ಣಾದರೂ ಕಲ್ಲು, ಸುಟ್ಟ ಮಣ್ಣಿನ ತೂಕಗಳು ಉಳಿದಿವೆ. ಗ್ರೀಕ್ ಪುರಾಣದ ಪೆನೆಲೋಪೆ ಹಗಲು ನೇಯ್ದು ಇರುಳು ಬಿಚ್ಚಿದ್ದು ಇಂಥದೇ ಮಗ್ಗದ ಮೇಲೆ ಎಂದು ಅವಳನ್ನು ಚಿತ್ರಿಸಿದ ಗ್ರೀಕ್ ಪಾತ್ರೆ ತೋರಿಸುತ್ತದೆ. ಮಧ್ಯಯುಗದ ಪಟ್ಟಣಗಳಿಗೆ ಕಾಲಿನಿಂದ ತುಳಿಯುವ ಅಡ್ಡಮಗ್ಗ ಬಂದ ಮೇಲೆ ಇದು ಹಿಂದೆ ಸರಿಯಿತು. ಆದರೂ ಐಸ್‌ಲ್ಯಾಂಡಿನಲ್ಲಿ ಹದಿನೆಂಟನೆಯ ಶತಮಾನದವರೆಗೂ ನಡೆಯಿತು. ಅಲ್ಲಿ ಈ ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಹಣದಂತೆ ಚಲಾವಣೆಯಾಗುತ್ತಿತ್ತು.

ಇಷ್ಟು ಹಳೆಯ ವಿದ್ಯೆ ನನ್ನಂಥ ಹವ್ಯಾಸಿಯ ಕೈಗೆ ಬಂದು ತಲುಪಿದ್ದರಲ್ಲಿ ಒಬ್ಬ ವಿದ್ವಾಂಸೆಯ ಋಣ ದೊಡ್ಡದು. ಮಾರ್ತಾ ಹಾಫ್‌ಮನ್ ನಾರ್ವೆಯವರು. ಚಿತ್ರಗಳಿಂದ, ಅಗೆತದಲ್ಲಿ ಸಿಕ್ಕ ಚೂರುಗಳಿಂದ ಈ ಮಗ್ಗವನ್ನು ಊಹಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅವರು 1950ರ ದಶಕದಲ್ಲಿ ಪಶ್ಚಿಮ ನಾರ್ವೆಯ ಹಳ್ಳಿಗಳಿಗೂ ಉತ್ತರದ ಸಾಮಿ ಜನರ ಊರುಗಳಿಗೂ ಹೋದರು. ಹಾಸು ಹೇಗೆ ಹೂಡುತ್ತೀರಿ, ಕಲ್ಲು ಹೇಗೆ ಕಟ್ಟುತ್ತೀರಿ, ಒಂದೊಂದಕ್ಕೂ ಏನೆನ್ನುತ್ತೀರಿ ಎಂದು ಕೇಳಿ, ನೋಡಿ ಬರೆದುಕೊಂಡರು. 1964ರಲ್ಲಿ ಅವರ ದೊಡ್ಡ ಪುಸ್ತಕ ಹೊರಬಂತು. ಈ ಮಗ್ಗವನ್ನು ಕಲಿಯುವ ಯಾರಾದರೂ ಇವತ್ತಿಗೂ ಅದರ ಬಾಗಿಲು ತಟ್ಟಲೇಬೇಕು. ವಿದ್ವತ್ತು ಅಂದರೆ ನನಗೆ ಹೀಗಿರಬೇಕು: ಎರಡು ಸಾವಿರ ವರ್ಷದ ಹಿಂದಿನ ಚಿತ್ರದಲ್ಲಿ ಕಾಣದ ಗಂಟನ್ನು, ಇವತ್ತು ಆ ಗಂಟು ಹಾಕುತ್ತಿರುವ ಮುದುಕಿಯನ್ನು ಕೇಳಿ ತಿಳಿದುಕೊಳ್ಳುವುದು.

ನನ್ನ ಗುರುಗಳ ಮನೆಯಲ್ಲಿ ಬಹಳ ದಿನ ಮಗ್ಗದ ಹತ್ತಿರ ಹೋಗಲೇ ಇಲ್ಲ. ಮೊದಲು ಕಲಿತದ್ದು ಒಂದು ಪಟ್ಟಿ ನೇಯುವುದು. ಈ ಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಮಗ್ಗದ ಜಾಣ್ಮೆ ಇಲ್ಲಿದೆ. ಎರಡು ಬೆರಳಗಲದ ಗಟ್ಟಿ ಪಟ್ಟಿಯೊಂದನ್ನು ಚಿಕ್ಕ ಸಾಧನದಲ್ಲಿ ನೇಯುತ್ತಾ ಹೋಗಬೇಕು. ಪ್ರತಿ ಸಲ ಹೊಕ್ಕಿನ ನೂಲನ್ನು ಪಟ್ಟಿಯೊಳಗೆ ತೂರಿಸಿದಾಗ ಅಲ್ಲೇ ತಿರುಗಿಸಿ ತರುವುದಿಲ್ಲ. ಆಚೆ ಬದಿಯಿಂದ ಕುಣಿಕೆಯಾಗಿ ಹೊರಗೆಳೆದು, ಆಳುದ್ದ ದೂರದಲ್ಲಿ ನೆಟ್ಟ ಗೂಟಕ್ಕೆ ಹಾಕಿ ಬರುತ್ತೇವೆ. ಹೀಗೆ ಪಟ್ಟಿಯ ಒಂದು ಪಕ್ಕದಿಂದ ಉದ್ದುದ್ದ ಎಳೆಗಳು ಜಡೆ ಬಿಚ್ಚಿದಂತೆ ಹೊರಬೀಳುತ್ತವೆ. ಪಟ್ಟಿಗೆ ಹೊಕ್ಕಾಗಿದ್ದ ಆ ಎಳೆಗಳೇ ಮುಂದೆ ಬಟ್ಟೆಗೆ ಹಾಸು. ಪಟ್ಟಿಯನ್ನು ಮಗ್ಗದ ತೊಲೆಗೆ ಹೊಲಿದು ಗೂಟದಿಂದ ಎಳೆಗಳನ್ನು ಬಿಡಿಸಿದರೆ, ಒಂದೂ ಎಳೆ ಜಾಗ ಬಿಟ್ಟು ಕದಲದೆ, ಸಮಾನ ಅಂತರದಲ್ಲಿ ಜೋಲುತ್ತವೆ. ನಮ್ಮ ಮಗ್ಗದಲ್ಲಿ ಹಣಿಗೆ ಮಾಡುವ ಕೆಲಸದ ಒಂದು ಭಾಗವನ್ನು ಇಲ್ಲಿ ಈ ಪಟ್ಟಿ ಮಾಡುತ್ತದೆ. ನಾರ್ವೆಯ ನೈಋತ್ಯದ ತೇಗ್ಲೆ ಎಂಬಲ್ಲಿ ಜೌಗು ನೆಲದಲ್ಲಿ ಇಂಥ ಒಂದು ಹಾಸು ಸಿಕ್ಕಿದೆ. ಪಟ್ಟಿ ನೇಯ್ದಾಗಿದೆ, ಎಳೆಗಳನ್ನು ಎಳೆದಾಗಿದೆ, ಮಗ್ಗಕ್ಕೆ ಏರಿಸಿಲ್ಲ. ಅದನ್ನು ನೇಯ್ದವಳು ಮಾಡಿದ್ದ ಕೆಲಸ ಯಾವುದೆಂದು ನನಗೆ ಕೈಯಲ್ಲೇ ಗೊತ್ತು. ಆ ಹಾಸನ್ನು ಜೌಗಿಗೆ ಯಾಕೆ ಕೊಟ್ಟಳೋ.

ಪಟ್ಟಿಯ ನಂತರ ಕಲ್ಲು. ಕಲ್ಲು ಎಳೆಯನ್ನು ಬಿಗಿಯಾಗಿ ಹಿಡಿದರೆ ಸಾಕು, ಯಾವ ಕಲ್ಲಾದರೇನು ಎನ್ನುವಂತಿಲ್ಲ. ನನ್ನ ಮೊದಲ ಕಂಬಳಿಯ ಲೆಕ್ಕವನ್ನೇ ಕೊಡುತ್ತೇನೆ. ಅಗಲ 60 ಸೆಂಟಿಮೀಟರ್, ಸೆಂಟಿಮೀಟರಿಗೆ 6 ಎಳೆ, ಒಟ್ಟು 360. ಒಂದು ಬಿಟ್ಟು ಒಂದರಂತೆ ಅರ್ಧ ಎಳೆಗಳು ಮುಂದಿನ ಸಾಲಿಗೆ, ಅರ್ಧ ಹಿಂದಿನ ಸಾಲಿಗೆ, ತಲಾ 180. ನನ್ನ ನೂಲಿನ ದಪ್ಪಕ್ಕೆ ಎಳೆಗೆ 25 ಗ್ರಾಂ ಭಾರ ಬೇಕು, ಅಂದರೆ ಒಂದು ಸಾಲಿಗೆ ನಾಲ್ಕೂವರೆ ಕಿಲೊ. ಅರ್ಧ ಕಿಲೊ ಕಲ್ಲಾದರೆ ಒಂದಕ್ಕೆ 20 ಎಳೆಯಂತೆ ಸಾಲಿಗೆ 9 ಕಲ್ಲು. ಈ ಒಂಬತ್ತೂ ಪಕ್ಕಪಕ್ಕದಲ್ಲಿ ತೂಗಿದಾಗ ಬಟ್ಟೆಯ ಅಗಲವನ್ನು ಸರಿಯಾಗಿ ತುಂಬಬೇಕು, ಹಾಗಾಗಿ ಪ್ರತಿ ಕಲ್ಲೂ ಆರೂವರೆ ಸೆಂಟಿಮೀಟರಿನಷ್ಟು ದಪ್ಪವಿರಬೇಕು. ದಪ್ಪ ಹೆಚ್ಚಾದರೆ ಹಾಸು ಕೆಳಗೆ ಬೀಸಣಿಗೆಯ ಹಾಗೆ ಅಗಲವಾಗುತ್ತದೆ, ಕಡಿಮೆಯಾದರೆ ಬಟ್ಟೆಯ ಅಂಚು ಒಳಕ್ಕೆ ಸರಿಯುತ್ತದೆ. ತೆಳ್ಳನೆ ನೂಲಾದರೆ ಎಳೆಗೆ ಬೇಕಾದ ಭಾರ ಕಡಿಮೆ, ಎಳೆಗಳು ಒತ್ತೊತ್ತು, ಕಲ್ಲೂ ತೆಳ್ಳಗಿರಬೇಕು. ತೂಕ ಮತ್ತು ದಪ್ಪ ಎರಡೂ ಸೇರಿ ಬಟ್ಟೆಯನ್ನು ನಿರ್ಧರಿಸುತ್ತವೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಜವಳಿ ಸಂಶೋಧನಾ ಕೇಂದ್ರದವರು ಹಳೆಯ ತೂಕಗಳ ಪ್ರತಿಗಳನ್ನು ಮಾಡಿಸಿ, ನುರಿತ ನೇಯ್ಗೆಯವರ ಕೈಲಿ ನೇಯಿಸಿ ಈ ಲೆಕ್ಕವನ್ನು ಗಟ್ಟಿಮಾಡಿದ್ದಾರೆ. ಬಟ್ಟೆಯ ಒಂದು ಚೂರೂ ಉಳಿಯದ ನೆಲದಲ್ಲಿ ಒಂದು ಸಾಲು ಮಣ್ಣಿನ ತೂಕ ಸಿಕ್ಕರೂ ಅಲ್ಲಿ ತೆಳುಬಟ್ಟೆ ನೇಯುತ್ತಿದ್ದರೋ ಒರಟು ಕಂಬಳಿಯೋ ಎಂದು ಈಗ ಹೇಳಬಹುದು. ಕಲ್ಲುಗಳ ಮುಂದೆ ನಾನು ನಿಂತುಬಿಡುವುದು ಇದಕ್ಕೇ.

ಗುರುಗಳು ತಕ್ಕಡಿ ಮುಟ್ಟುವುದಿಲ್ಲ. ಕಲ್ಲು ಕಟ್ಟಿದ ಮೇಲೆ ಬೆರಳುಗಳ ಹಿಂಬದಿಯಿಂದ ಹಾಸನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಸವರುತ್ತಾರೆ. ಸಡಿಲವಿದ್ದ ಕಡೆ ಕೈ ನಿಲ್ಲುತ್ತದೆ, ಆ ಗೊಂಚಲು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಲೆಕ್ಕ ನನಗೆ ಆಸರೆ, ಅವರಿಗೆ ಆ ಸವರುವಿಕೆ ಸಾಕು. ಎರಡೂ ಒಂದೇ ಉತ್ತರಕ್ಕೆ ಬಂದಾಗ ಆಗುವ ಸಂತೋಷ ದೊಡ್ಡದು.

ನೂಲಿನ ಮಾತು ಬೇರೆಯೇ ಇದೆ. ಇಲ್ಲಿನ ಹಳೆಯ ತಳಿಯ ಕುರಿಗೆ ಎರಡು ಪದರದ ತುಪ್ಪಟ. ಹೊರಗೆ ಉದ್ದನೆಯ ಒರಟು ಕೂದಲು, ಒಳಗೆ ಗಿಡ್ಡನೆಯ ಮೆತ್ತನೆ ಉಣ್ಣೆ. ಹಾಸಿಗೆ ಹೊರಗಿನ ಕೂದಲನ್ನು ಬಿಗಿಯಾಗಿ ಹುರಿಮಾಡಿ ನೂಲಬೇಕು, ಹೊಕ್ಕಿಗೆ ಒಳಗಿನದನ್ನು ಸಡಿಲವಾಗಿ. ಹಾಸಿನ ನೂಲಿನಲ್ಲಿ ಹುರಿ ಕಡಿಮೆಯಾದರೆ ಕಲ್ಲಿನ ಭಾರಕ್ಕೆ ಅದು ಮೆಲ್ಲಗೆ ಬಿಚ್ಚಿಕೊಂಡು ಹರಿದು ಬೀಳುತ್ತದೆ. ಅಂಗಡಿಯ ಹೆಣಿಗೆ ಉಲ್ಲನ್ ಇಲ್ಲಿ ನಡೆಯದು. ಕದಿರು ಹಿಡಿದು ನೂಲಲು ಕೂತಾಗಲೇ ಬಟ್ಟೆಯ ಅರ್ಧ ಹಣೆಬರಹ ಬರೆದಾಗಿರುತ್ತದೆ.

ಇಷ್ಟಾದ ಮೇಲೆ ನೇಯ್ಗೆ. ಮಗ್ಗ ಓರೆಯಾಗಿ ನಿಂತಿದೆಯಲ್ಲ, ಮುಂದಿನ ಸಾಲಿನ ಎಳೆಗಳು ಕಂಬಗಳ ನಡುವಿನ ಅಡ್ಡಕೋಲಿನ ಮೇಲೆ ಹಾದು ಬರುತ್ತವೆ, ಹಿಂದಿನವು ನೇರ ಕೆಳಗಿಳಿಯುತ್ತವೆ. ನಡುವೆ ತಾನಾಗಿ ಒಂದು ಸಂದಿ ತೆರೆದಿರುತ್ತದೆ, ಮೊದಲ ಹೊಕ್ಕು ಅದರಲ್ಲಿ ಹೋಗುತ್ತದೆ. ಹಿಂದಿನ ಒಂದೊಂದು ಎಳೆಗೂ ದಾರದ ಕುಣಿಕೆ ಹಾಕಿ ಮುಂದಿರುವ ಇನ್ನೊಂದು ಕೋಲಿಗೆ ಕಟ್ಟಿರುತ್ತೇವೆ. ಆ ಕೋಲನ್ನು ನಮ್ಮ ಕಡೆಗೆ ಎಳೆದು ಕವೆಯ ಮೇಲಿಟ್ಟರೆ ಹಿಂದಿನ ಎಳೆಗಳು ಮುಂದಿನವುಗಳ ನಡುವೆ ನುಗ್ಗಿ ಬರುತ್ತವೆ, ಎರಡನೆಯ ಸಂದಿ ತೆರೆಯುತ್ತದೆ. ಹೇಳುವಷ್ಟು ಸಲೀಸಾಗಿ ಬರುವುದಿಲ್ಲ ಅದು. ಉಣ್ಣೆ ಉಣ್ಣೆಯನ್ನು ಅಪ್ಪಿಕೊಂಡಿರುತ್ತದೆ. ಪ್ರತಿ ಸಲವೂ ಅಂಗೈಯಿಂದ ಹಾಸನ್ನು ತಟ್ಟಿ, ಚೂಪು ಮೂಳೆಯ ಕಡ್ಡಿಯಿಂದ ಎಳೆಗಳನ್ನು ಗೀರಿ ಬಿಡಿಸಬೇಕು. ಹೊಕ್ಕನ್ನು ಕಮಾನಿನಂತೆ ಸಡಿಲವಾಗಿ ಹಾಸಿ, ಸಂದಿ ಬದಲಿಸಿ, ಆಮೇಲೆ ಕತ್ತಿಯಾಕಾರದ ಹಲಗೆಯನ್ನು ಒಳಗೆ ತೂರಿಸಿ ಮೇಲಕ್ಕೆ ಬಡಿಯಬೇಕು. ನಾರ್ವೆಯಲ್ಲಿ ವೈಕಿಂಗ್ ಕಾಲದ ಹೆಂಗಸರ ಗೋರಿಗಳಲ್ಲಿ ಕಬ್ಬಿಣದ ಇಂಥ ನೇಯ್ಗೆಗತ್ತಿಗಳು ಸಿಕ್ಕಿವೆ. ಅದನ್ನು ಹಿಡಿದು ತಲೆಯ ಮಟ್ಟದಲ್ಲಿ ಬಡಿಯುತ್ತಾ ನಿಂತಾಗ ಹೆಗಲಿಗೆ ಎಂಥ ಕೆಲಸ ಎಂದು ತಿಳಿಯುತ್ತದೆ.

ಒಬ್ಬರೇ ನೇಯಬಹುದು, ಆದರೆ ಈ ಮಗ್ಗ ಇಬ್ಬರನ್ನು ಬಯಸುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಕ್ರಿ.ಪೂ. 550ರಿಂದ 530ರ ನಡುವಿನದೆನ್ನುವ ಒಂದು ಚಿಕ್ಕ ಗ್ರೀಕ್ ಎಣ್ಣೆಗಿಂಡಿಯಿದೆ. ಅಮಾಸಿಸ್ ಚಿತ್ರಕಾರನದೆಂದು ಗುರುತಿಸಿದ ಅದರ ಮೇಲೆ ಇಂಥ ಮಗ್ಗದ ಮುಂದೆ ಇಬ್ಬರು ಹೆಂಗಸರು ನಿಂತಿದ್ದಾರೆ. ಪಕ್ಕದಲ್ಲಿ ಕೆಲವರು ಉಣ್ಣೆ ತೂಗುತ್ತಿದ್ದಾರೆ, ನೂಲುತ್ತಿದ್ದಾರೆ, ಬಟ್ಟೆ ಮಡಿಸುತ್ತಿದ್ದಾರೆ. ನಾನೂ ಗುರುಗಳೂ ಮಗ್ಗದ ಎರಡು ಬದಿಗೆ ನಿಂತಾಗ ಕೋಲಿನ ಒಂದೊಂದು ತುದಿ ಒಬ್ಬೊಬ್ಬರು ಎತ್ತುತ್ತೇವೆ, ನಡುವಿನಲ್ಲಿ ಹೊಕ್ಕನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಒಬ್ಬಳೇ ನೇಯುವಾಗ ಅತ್ತಿಂದಿತ್ತ ನಡೆಯಬೇಕು. ಇಬ್ಬರಾದಾಗ ಕಾಲಿಗೆ ವಿಶ್ರಾಂತಿ, ಮಾತಿಗೆ ಅವಕಾಶ. ನಾನು ನಾರ್ವೇಜಿಯನ್ ಭಾಷೆ ಚೆನ್ನಾಗಿ ಕಲಿತದ್ದು ತರಗತಿಯಲ್ಲಿ ಅಲ್ಲ, ಈ ಮಗ್ಗದ ಮುಂದೆ.

ಇಲ್ಲಿ ನೇಯುತ್ತಾ ಇತಿಹಾಸದ ಅಳತೆ ನನ್ನೊಳಗೆ ಬದಲಾಯಿತು. ವೈಕಿಂಗ್ ಹಡಗನ್ನು ಕೊಂಡಾಡುವವರು ಮರದ ಕೆಲಸ ನೋಡುತ್ತಾರೆ. ಅದರ ಹಾಯಿ ಉಣ್ಣೆಯದು, ಇಂಥ ಮಗ್ಗಗಳಲ್ಲಿ ನೇಯ್ದದ್ದು. ದೊಡ್ಡ ಹಡಗಿಗೆ ನೂರು ಚದರ ಮೀಟರಿನ ಆಸುಪಾಸು ಬಟ್ಟೆ ಬೇಕು. ಪ್ರಯೋಗಕ್ಕಾಗಿ ಉಣ್ಣೆಯ ಹಾಯಿ ಮಾಡಿ ನೋಡಿದವರಿಗೆ, ಹಡಗು ಕಟ್ಟುವುದಕ್ಕಿಂತ ಹಾಯಿಗೆ ನೂತು ನೇಯುವುದೇ ಹೆಚ್ಚಿನ ದುಡಿಮೆ ಎಂದು ಕಂಡಿದೆ. ಉತ್ತರ ನಾರ್ವೆಯ ಟ್ರೊಂಡೆನೆಸ್ ಚರ್ಚಿನ ಚಾವಣಿಯ ಸಂದಿಗಳಲ್ಲಿ ತುರುಕಿದ್ದ ಉಣ್ಣೆಚಿಂದಿಗಳು ಮಧ್ಯಯುಗದ ಹಾಯಿಯ ತುಂಡುಗಳೆಂದು ಗೊತ್ತಾಗಿದೆ. ಸಮುದ್ರ ದಾಟಿದ ಗಂಡಸರ ಹೆಸರು ಸಾಗಾಗಳೆಂಬ ಹಳೆಯ ಕಥನಗಳಲ್ಲಿವೆ. ಆ ಗಾಳಿಯನ್ನು ಹಿಡಿದುಕೊಟ್ಟ ಹೆಂಗಸರ ಹೆಸರು ಎಲ್ಲೂ ಇಲ್ಲ, ಅವರ ಕಲ್ಲುಗಳಿವೆ.

ಊರಿಗೆ ಫೋನು ಮಾಡಿದಾಗ ಅಮ್ಮ ಕೇಳಿದರು, "ಅಷ್ಟು ದೂರ ಹೋಗಿ ಕಂಬ್ಳಿ ನೇಯೋದು ಕಲ್ತ್ಯಾ?" ಹೌದು ಎಂದೆ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿದವರ ಮನೆಯವಳು ನಾನು. ನೆನೆದರೂ ಉಣ್ಣೆ ಮೈ ಬೆಚ್ಚಗಿಡುತ್ತದೆಂಬುದನ್ನು ಇಲ್ಲಿನ ಮೀನುಗಾರರಿಗೂ ಅಲ್ಲಿನವರಿಗೂ ಯಾರೂ ಕಲಿಸಬೇಕಿರಲಿಲ್ಲ. ನಮ್ಮಲ್ಲಿ ಚಿತ್ರದುರ್ಗದ ಕಡೆ ಕುರುಬರ ಮನೆಗಳಲ್ಲಿ ಹಾಸಿಗೆ ಹುಣಸೆಬೀಜದ ಸರಿ ಬಳಿದು ಎಳೆಗಳನ್ನು ಗಟ್ಟಿಮಾಡುತ್ತಾರೆ. ಆ ಸರಿಯ ಹದ, ಬಳಿಯುವ ಕೈಯ ವೇಗ, ಒಣಗಿಸುವ ಬಿಸಿಲಿನ ಹೊತ್ತು, ಇವನ್ನು ಹಾಫ್‌ಮನ್‌ರಷ್ಟು ತಾಳ್ಮೆಯಿಂದ ಕೂತು ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು, ಬಲ್ಲವರು ಇನ್ನೂ ಮಗ್ಗದಲ್ಲಿ ಕೂತಿರುವಾಗಲೇ. ಮುಂದಿನ ರಜೆಯನ್ನು ನಾನು ಅದಕ್ಕೆಂದು ಎತ್ತಿಟ್ಟಿದ್ದೇನೆ.

ಅಲ್ಲಿಯವರೆಗೆ ಮನೆಯಲ್ಲಿ ಹೊಸ ಹಾಸು ಏರುತ್ತಿದೆ. 2011ರಲ್ಲಿ ನಾರ್ವೆಯ ಲೆಂಡ್‌ಬ್ರೇನ್ ಹಿಮರಾಶಿ ಕರಗಿದಾಗ ಒಂದು ಉಣ್ಣೆಯ ಅಂಗಿ ಸಿಕ್ಕಿತು, ಕ್ರಿ.ಶ. 230ರಿಂದ 390ರ ನಡುವಿನದು. ಅದರ ಬಟ್ಟೆಯಲ್ಲಿ ಓರೆಗೆರೆಗಳು ಸೇರಿ ವಜ್ರದಾಕಾರವಾಗುತ್ತವೆ. ನನ್ನ ಹಾಸು ಅಷ್ಟು ನಯವಾದದ್ದಲ್ಲ, ಬರೀ ಓರೆನೇಯ್ಗೆ. ಅದಕ್ಕೂ ಒಂದರ ಬದಲು ಮೂರು ಕೋಲು ಬೇಕು, ಪ್ರತಿ ಕೋಲಿಗೂ ಅದರದೇ ಎಳೆಗಳು, ಅದರದೇ ಕುಣಿಕೆಗಳು. ಮೊದಲ ಕೋಲಿನ ಕುಣಿಕೆಗಳನ್ನು ಕಟ್ಟಿ ಮುಗಿಸಿದ್ದೇನೆ. ಎರಡನೆಯದಕ್ಕೆ ಶನಿವಾರ ಗುರುಗಳು ಬರುತ್ತಾರೆ.