ಇತಿಹಾಸದ ಜೊತೆಗೆ ಚೀನೀ ಭಾಷೆ: ಬಾಗಲಕೋಟೆಯ ವಿದ್ಯಾರ್ಥಿನಿಗೆ ಉತ್ತರ

ಇತಿಹಾಸವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು, ಚೀನೀ ಭಾಷೆ ಮತ್ತು ಸಂಸ್ಕೃತಿಯನ್ನು ಮೈನರ್, ಅಂದರೆ ಕಡಿಮೆ ಕ್ರೆಡಿಟ್‌ಗಳಿಗೆ ಓದುವ ಪೂರಕ ವಿಷಯವಾಗಿ ತೆಗೆದುಕೊಳ್ಳುವ ವಿದ್ಯಾರ್ಥಿನಿಯ ಯೋಚನೆ ಮನೆಯವರಿಗೆ ವಿಚಿತ್ರವೆನಿಸಿದರೂ, ಬಾಗಲಕೋಟೆಯ ನೆಲದ ಚರಿತ್ರೆಗೆ ಹೊರತಾದುದಲ್ಲ. ಅದೇ ಜಿಲ್ಲೆಯ ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯು ಉತ್ತರ ಭಾರತದ ಸಾಮ್ರಾಟ ಹರ್ಷನನ್ನು ತಡೆದುದಕ್ಕೆ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿರುವ, ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಸಂಸ್ಕೃತ ಶಾಸನವು ಒಂದು ಸಾಕ್ಷಿಯಾದರೆ, ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗನ, 646ರಲ್ಲಿ ಪೂರ್ಣಗೊಂಡ ಚೀನೀ ವೃತ್ತಾಂತವು ಮತ್ತೊಂದು ಸಾಕ್ಷಿಯಾಗಿದೆ.

ಆದರೆ ತರಗತಿಯಲ್ಲಿ ಕಲಿಸುವುದು ಇಂದಿನ ಮ್ಯಾಂಡರಿನ್. ಆ ವೃತ್ತಾಂತವಿರುವುದು ಪ್ರಾಚೀನ ಗ್ರಾಂಥಿಕ ಚೀನೀಯಲ್ಲಿ. ಮ್ಯಾಂಡರಿನ್‌ನಲ್ಲಿ ನಾಲ್ಕು ಸ್ವರಗತಿಗಳು, ಅಂದರೆ ಬದಲಾದರೆ ಪದದ ಅರ್ಥವನ್ನೇ ಬದಲಿಸುವ ಧ್ವನಿಯ ಏರಿಳಿತಗಳು ಇರುವುದರಿಂದಲೂ, ಸಾವಿರಾರು ಲಿಪಿಚಿಹ್ನೆಗಳನ್ನು ಬರೆದು ರೂಢಿಸಿಕೊಳ್ಳಬೇಕಾಗಿರುವುದರಿಂದಲೂ, ದಿನಕ್ಕೆ ಒಂದು ಗಂಟೆಯ ನಿಯಮಿತ ಅಭ್ಯಾಸ ಅಗತ್ಯ. ಮುಂದೆ ಆಳವಾಗಿ ಓದಬಯಸಿದರೆ 1937ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾದ, ಚೀನೀ ಅಧ್ಯಯನದ ಕೇಂದ್ರವಾದ ಚೀನಾ ಭವನವಿದೆ. ಇಳಕಲ್ಲಿನ ನೇಕಾರಿಕೆಯಂತಹ ರೇಷ್ಮೆ ಬಳಸುವ ಉದ್ಯಮದತ್ತ ಒಲವಿದ್ದರೆ, ಚೀನಾದಿಂದಲೂ ರೇಷ್ಮೆ ಆಮದಾಗುವುದರಿಂದ, ವಾಣಿಜ್ಯಶಾಸ್ತ್ರದೊಂದಿಗೆ ಈ ಭಾಷೆ ಉಪಯುಕ್ತವಾದೀತು.

ಉದ್ಯೋಗಕ್ಕೆ ಮೈನರ್ ಒಂದನ್ನೇ ನೆಚ್ಚುವುದು ಸಲ್ಲದು. ಮುಖ್ಯ ವಿಷಯವನ್ನು ಗಟ್ಟಿಮಾಡಿಕೊಂಡವರಿಗೆ ಮಾತ್ರ ಅದು ಬಲ ತರುತ್ತದೆ.