ಪೇತ್ರನು ಕೊರ್ನೇಲ್ಯನ ಮನೆಗೆ ಹೋದದ್ದು

ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ ತೆಗೆಯಿರಿ.

ಓದುವುದಕ್ಕೆ ಮುಂಚೆ ನಿಮ್ಮ ಫೇಸ್‌ಬುಕ್ ಫ್ರೆಂಡ್ಸ್ ಲಿಸ್ಟ್ ಒಂದ್ಸಲ ನೆನಪು ಮಾಡ್ಕೊಳ್ಳಿ. ಅದರಲ್ಲಿ 5000 ಜನರ ತನಕ ಸೇರಿಸಬಹುದು. ಮೊನ್ನೆ ರಾತ್ರಿ ನನ್ನದನ್ನು ನೋಡಿದೆ. ಬೈಬಲ್ ಕಾಲೇಜಿನವರು, ನಮ್ಮ ಸಭೆಯವರು, ಬೇರೆ ಪೆಂತೆಕೋಸ್ತ್ ಸಭೆಗಳ ಪಾಸ್ಟರುಗಳು, ಹೆಂಡತಿ ಕಡೆ ನೆಂಟರು. ಹೊರಗಿನವನು ಅಂದ್ರೆ ಒಬ್ಬನೇ. ಅವನ ವಿಷಯ ಆಮೇಲೆ ಹೇಳ್ತೀನಿ. ಲೋಕವೆಲ್ಲಾ ಕೈಯಲ್ಲಿದೆ ಅಂದ್ಕೊಂಡಿದ್ದೆ, ನೋಡಿದ್ರೆ ನಮ್ಮ ಬೀದಿಯೇ!

ಯಾಕೆ ಹೀಗೆ? ಹೊಸಬರನ್ನು ತೋರಿಸುವಾಗ ಅದು ನೋಡೋದು ಇಬ್ಬರಿಗೂ ಗೊತ್ತಿರುವ ಸ್ನೇಹಿತರು ಎಷ್ಟು, ಓದಿದ ಕಾಲೇಜು ಯಾವುದು, ಇಂಥವನ್ನೇ. ಅಂದರೆ ನಮ್ಮವರಿಗೆ ಗೊತ್ತಿರೋ ನಮ್ಮವರನ್ನೇ ತಂದು ನಿಲ್ಲಿಸುತ್ತೆ. ಆದರೆ ಪೂರ್ತಿ ತಪ್ಪು ಫೋನಿನ ಮೇಲೆ ಹಾಕಬೇಡಿ. ತಮ್ಮಂಥವರನ್ನೇ ಹುಡುಕೋದು ಮನುಷ್ಯನ ಹಳೇ ಚಾಳಿ, ಸಮಾಜಶಾಸ್ತ್ರದಲ್ಲಿ ಇದಕ್ಕೆ ಹೋಮೋಫಿಲಿ ಅಂತಾರೆ. ಮೊಬೈಲ್ ಬರುವ ಮೊದಲು ಮದುವೆ ಊಟದ ಪಂಕ್ತಿಯಲ್ಲಿ ನಾವು ಯಾರ ಪಕ್ಕ ಕೂರ್ತಿದ್ವಿ ಹೇಳಿ?

ಈಗ ಪೇತ್ರನನ್ನು ನೋಡಿ. ಯೊಪ್ಪದಲ್ಲಿ ಚರ್ಮಕಾರ ಸಿಮೋನನ ಮನೆಯ ಮಾಳಿಗೆ ಮೇಲೆ, ಮಧ್ಯಾಹ್ನ, ಹೊಟ್ಟೆ ಹಸಿದಿದೆ. ಕೊರ್ನೇಲ್ಯ ಇರೋದು ಕೈಸರೈಯದಲ್ಲಿ, ರೋಮ್ ಸೈನ್ಯದ ಶತಾಧಿಪತಿ. ಇಬ್ಬರ ಮಧ್ಯೆ ಪರಿಚಯ ಮಾಡಿಸಿದ್ದು ಯಾವ ಸ್ನೇಹಿತನೂ ಅಲ್ಲ, ದೇವದೂತ. ಅಷ್ಟಾದರೂ ಪೇತ್ರನಿಗೆ ದರ್ಶನ ಮೂರು ಸಲ ಆಗಬೇಕಾಯ್ತು! ನಾನು ನಿಲ್ಲೋದು 23ನೇ ವಚನದ ಹತ್ತಿರ. ಕೊರ್ನೇಲ್ಯ ಕಳುಹಿಸಿದ ಮೂವರನ್ನು ಪೇತ್ರ ಒಳಗೆ ಕರೆದು ಆ ರಾತ್ರಿ ಉಳಿಸಿಕೊಂಡ. ಮರುದಿನ ಅವರ ಜೊತೆ ಹೊರಟ, ದಾರಿಯಲ್ಲೇ ಇನ್ನೊಂದು ದಿನ ಆಯ್ತು. ಆಮೇಲೆ ಯೆರೂಸಲೇಮಿನಲ್ಲಿ ಸಹೋದರರು ಅವನ ಮೇಲೆ ತಕರಾರು ತೆಗೆದದ್ದು ಯಾತಕ್ಕೆ? ಅಂಥವರ ಮನೆಗೆ ಹೋಗಿ ಊಟ ಮಾಡಿದ್ದಕ್ಕೆ. 11:3 ನೋಡಿ. ಉಪದೇಶ ಮಾಡಿದ್ದಕ್ಕಲ್ಲ, ಊಟಕ್ಕೆ!

ಇನ್ನು ಆ ಒಬ್ಬನ ವಿಷಯ. ಅಸ್ಸಾಮಿನ ತಮ್ಮ, ಇಲ್ಲಿ ಹೋಟೆಲ್ ಕೆಲಸ. ನಾಲ್ಕು ಭಾನುವಾರ ಬಂದು ಹಿಂದಿನ ಸಾಲಲ್ಲಿ ಕೂತ, ಆಮೇಲೆ ಬರಲಿಲ್ಲ. ಅವನ ಫೋಟೋಗಳಿಗೆಲ್ಲ ನಾನು ಲೈಕ್ ಒತ್ತಿದ್ದೆ, ನಮ್ಮ ಸಭೆಯ ವಿಡಿಯೋಗಳಿಗೆ ಅವನೂ ಒತ್ತುತ್ತಿದ್ದ. ಮನೆಗೆ ಮಾತ್ರ ಕರೆಯಲಿಲ್ಲ. ಆರಾಧನೆ ಮುಗಿದ ಮೇಲೆ ಒಂದು ಟೀ ಕೂಡ ಜೊತೆಗೆ ಕುಡಿಯಲಿಲ್ಲ. ಪಾಸ್ಟರ್ ನಾನು, ನಾನೇ ಕರೆಯಲಿಲ್ಲ. ಕರ್ತನು ಕ್ಷಮಿಸಲಿ.

ಶುಕ್ರವಾರ ಅವನಿಗೆ ಫೋನ್ ಮಾಡಿದೆ. ನನ್ನ ಹಿಂದಿ ಕೇಳಿ ನಕ್ಕ. ಮಂಗಳವಾರ ರಜೆಯಂತೆ, ರಾತ್ರಿ ಊಟಕ್ಕೆ ಬರ್ತೀನಿ ಅಂದಿದ್ದಾನೆ. ಹಿಂದಿ ಚೆನ್ನಾಗಿ ಬರುವವರು ಯಾರಾದ್ರೂ ನಮ್ಮ ಮನೆಗೆ ಬನ್ನಿ. ಈಗ ಎದ್ದು ನಿಂತು ಪ್ರಾರ್ಥಿಸೋಣ.